ಹದಿನಾಲ್ಕಕ್ಕೆ ಕೈಬಿಟ್ಟರೆ...



ಮುಂದಿನ ಸಲ ಅಜ್ಜಿಯ ಊರಿಗೆ ಹೋದಾಗ ಒಂದು ಪ್ರಶ್ನೆ ಕೇಳಿ ನೋಡಿ: "ಅಜ್ಜಿ, ನೀವು ಒಡಹುಟ್ಟಿದವರು ಎಷ್ಟು ಮಂದಿ?" ಏಳೋ ಎಂಟೋ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಅದೇ ಪ್ರಶ್ನೆಗೆ ನಿಮ್ಮ ಉತ್ತರ ಒಂದು ಅಥವಾ ಎರಡು. ಈ ಬದಲಾವಣೆಯಲ್ಲಿ ಸರ್ಕಾರದ ಪಾಲೂ ದೊಡ್ಡದು.

ಈ ವಿಷಯದಲ್ಲಿ ನಾವು ಕನ್ನಡಿಗರು ಹೆಮ್ಮೆಪಡಬಹುದು. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. ಗೋಡೆಗೋಡೆಯ ಮೇಲೆ ಕೆಂಪು ತ್ರಿಕೋನ, ಬಾಯಿಬಾಯಲ್ಲಿ "ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ". ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ಪ್ರಚಾರ ಹೋಗಿ ಬಲವಂತ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 80 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು.

ನಾವಿರುವ ಹೈದರಾಬಾದಿನ ಕಡೆ ನೋಡೋಣ. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯತಿ ಚುನಾವಣೆಗೆ ನಿಲ್ಲುವಂತಿಲ್ಲ ಎಂದು ಅವಿಭಜಿತ ಆಂಧ್ರಪ್ರದೇಶ 1994ರಲ್ಲಿ ಕಾನೂನು ಮಾಡಿತು. 1992-93ರ ಸಮೀಕ್ಷೆಯ ಪ್ರಕಾರ ಇಲ್ಲಿ ಒಬ್ಬ ಹೆಣ್ಣುಮಗಳು ಸರಾಸರಿ 2.6 ಮಕ್ಕಳನ್ನು ಹೆರುತ್ತಿದ್ದಳು. 2019-21ರ ಹೊತ್ತಿಗೆ ಇದು ತೆಲಂಗಾಣದಲ್ಲಿ 1.8ಕ್ಕೆ, ಆಂಧ್ರ ಮತ್ತು ಕರ್ನಾಟಕಗಳಲ್ಲಿ 1.7ಕ್ಕೆ ಇಳಿದಿತ್ತು. ಜನಸಂಖ್ಯೆ ಇದ್ದ ಮಟ್ಟದಲ್ಲಿ ನಿಲ್ಲಲು 2.1 ಬೇಕು. ಈಗ ಚಿಂತೆ ತಿರುಗುಮುರುಗಾಗಿದೆ. ಆಂಧ್ರಪ್ರದೇಶ 2024ರಲ್ಲಿ ಆ ಕಾನೂನನ್ನು ರದ್ದುಮಾಡಿತು. 2025ರಲ್ಲಿ ತೆಲಂಗಾಣವೂ ಅದೇ ಹಾದಿ ಹಿಡಿಯಿತು. ಲೋಕಸಭೆಯ ಸ್ಥಾನಗಳು ಕಡಿಮೆಯಾದಾವು, ವೃದ್ಧರ ಸಂಖ್ಯೆ ಹೆಚ್ಚೀತು ಎಂಬ ಭಯದಿಂದ ಹೆಚ್ಚು ಮಕ್ಕಳನ್ನು ಹೆರಿ ಎನ್ನುವ ಮಾತುಗಳೂ ಕೇಳಿಬರುತ್ತಿವೆ.

ಮಕ್ಕಳು ಕಡಿಮೆಯಾದರೆ ಒಂದೊಂದು ಮಗುವಿಗೂ ಹೆಚ್ಚು ಗಮನ ಸಿಗುತ್ತದೆ, ದಾರಿ ತಪ್ಪುವ ಮಕ್ಕಳು ತಾವಾಗಿಯೇ ಕಡಿಮೆಯಾಗುತ್ತಾರೆ ಎಂದು ಹಿರಿಯರು ನಂಬಿದ್ದರು. ಹಾಗಾಯಿತೇ? ಪೂರ್ತಿಯಾಗಿ ಇಲ್ಲ. 2022ರಲ್ಲೂ ದೇಶದಲ್ಲಿ ಬಾಲಾಪರಾಧದ 30 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಅನಾಥರೂ ಅಲ್ಲ, ಬೀದಿಮಕ್ಕಳೂ ಅಲ್ಲ. ಹೆತ್ತವರ ಜೊತೆಯೇ ಇದ್ದವರು. ನಾಲ್ವರಲ್ಲಿ ಮೂವರು 16ರಿಂದ 18ರ ವಯಸ್ಸಿನವರು.

ಈ ವಯಸ್ಸನ್ನು ನೆನಪಿಟ್ಟುಕೊಂಡು ನಮ್ಮ ಕಾನೂನುಗಳನ್ನು ನೋಡಿ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯಿದೆಯ ಪ್ರಕಾರ 14 ತುಂಬಿದವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಹಚ್ಚಬಹುದು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ 16 ದಾಟಿದವನು ಘೋರ ಅಪರಾಧ ಮಾಡಿದ್ದಾನೆಂದು ಆರೋಪ ಬಂದರೆ, ಬಾಲನ್ಯಾಯ ಮಂಡಳಿಯ ಪರಿಶೀಲನೆಯ ಬಳಿಕ ಅವನನ್ನು ವಯಸ್ಕನಂತೆಯೇ ವಿಚಾರಣೆಗೆ ಒಳಪಡಿಸಬಹುದು. ಅಂದರೆ 14ಕ್ಕೆ ಶಾಲೆಯ ಹಕ್ಕು ಮುಗಿಯಿತು. 16ಕ್ಕೆ ದೊಡ್ಡವರ ಶಿಕ್ಷೆಯ ಬಾಗಿಲು ತೆರೆಯಿತು. ನಡುವಿನ ಎರಡು ವರ್ಷ ಆ ಹುಡುಗನ ಕೈ ಹಿಡಿದವರು ಯಾರು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಆದರೆ ಗಿಡಕ್ಕೆ ನೀರೆರೆಯುವುದನ್ನು ನಡುವೆಯೇ ನಿಲ್ಲಿಸುತ್ತೇವೆ.

ದಾರಿ ಇಲ್ಲದಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಶಾಂತಾ ಸಿನ್ಹಾ ಅವರು ಎಂ.ವಿ. ಫೌಂಡೇಶನ್ ಮೂಲಕ ಪಕ್ಕದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಜೀತಕ್ಕಿದ್ದ, ಕೂಲಿಗೆ ಹೋಗುತ್ತಿದ್ದ ಮಕ್ಕಳನ್ನು ಬಿಡಿಸಿ ಶಾಲೆಗೆ ಸೇರಿಸಿದರು. ಶಾಲೆಯಲ್ಲಿಲ್ಲದ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂಬುದು ಅವರ ನಿಲುವು. ವಯಸ್ಸು ಮೀರಿದ ಮಕ್ಕಳಿಗೆ ಶಿಬಿರಗಳಲ್ಲಿ ಪಾಠ ಹೇಳಿಸಿ, ವಯಸ್ಸಿಗೆ ತಕ್ಕ ತರಗತಿಗೆ ಕಳಿಸಿದರು. ಈ ಕೆಲಸಕ್ಕೆ 2003ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಶಾಲೆಯಲ್ಲಿ ಉಳಿದ ಹುಡುಗಿಯ ಮದುವೆ ಮುಂದಕ್ಕೆ ಹೋಗುತ್ತದೆ. ಹೆರಿಗೆಯೂ ಮುಂದಕ್ಕೆ ಹೋಗುತ್ತದೆ. ಶಾಲೆಯಲ್ಲಿ ಉಳಿದ ಹುಡುಗನ ಸಂಜೆಗೆ ಒಂದು ಗುರಿ ಇರುತ್ತದೆ. ಜನನ ಪ್ರಮಾಣ, ಬಾಲಾಪರಾಧ ಎರಡಕ್ಕೂ ಬಲವಂತವಿಲ್ಲದ ಮದ್ದು ಇದೊಂದೇ ಎಂದು ನನಗನಿಸುತ್ತದೆ. ಎರಡೇ ಸಾಕು, ಮೂರು ಬೇಕು ಎಂದು ಎಣಿಸುವ ಸರ್ಕಾರಗಳು ಹುಟ್ಟಿದ ಮಗುವನ್ನು 18ರ ತನಕ ಶಾಲೆಯಲ್ಲಿ ಉಳಿಸುವ ಹೊಣೆಯನ್ನು ಮೊದಲು ಹೊರಲಿ.

ಮಿತ್ರರೇ, ಇದರಲ್ಲಿ ನಿಮಗೂ ಪಾಲಿದೆ. ಕಲಬುರಗಿ, ರಾಯಚೂರು, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬರುವ ಕುಟುಂಬಗಳಿವೆ. ಅವರ ಮನೆಯ ಹುಡುಗನಿಗೆ ತೆಲುಗು ಪಾಠ ತಲೆಗೆ ಹತ್ತುವುದಿಲ್ಲ, ಕನ್ನಡದಲ್ಲಿ ಹೇಳಿಕೊಡುವವರಿಲ್ಲ. ನಿಮಗೆ ಎರಡೂ ಭಾಷೆ ಬರುತ್ತದೆ. ವಾರಕ್ಕೆ ಎರಡು ಸಂಜೆ, ಒಬ್ಬ ಹುಡುಗ, ಒಂದು ಗಣಿತದ ಪುಸ್ತಕ: ಇಷ್ಟರಿಂದ ಆರಂಭಿಸಿದರೆ ಸಾಕು. ಕಾನೂನು ಬಿಟ್ಟ ಕೈಯನ್ನು ನೀವು ಹಿಡಿಯಬಲ್ಲಿರಿ. ಹಿಡಿಯುವಿರಾ?