ವರ್ಚುವಲ್ ಯಂತ್ರಗಳ ದಫ್ತರ

ಗಂಗಾವತಿ ಸೀಮೆಯ ರೈತನಿಗೆ ಪಹಣಿಯ ಮಹತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಸರ್ವೆ ನಂಬರಿನ ಹೊಲವು ಅಣ್ಣತಮ್ಮಂದಿರಲ್ಲಿ ಹಲವು ಹಿಸ್ಸೆಗಳಾಗಿ ಹಂಚಿಹೋದಾಗ, ಯಾವ ಹಿಸ್ಸೆ ಯಾರದು, ಅದಕ್ಕೆ ನೀರು ಎಲ್ಲಿಂದ ಬರುವುದು ಎಂಬುದು ದಫ್ತರದಲ್ಲಿ ಇಲ್ಲದಿದ್ದರೆ ವ್ಯಾಜ್ಯವು ತಪ್ಪಿದ್ದಲ್ಲ. ಗಣಕಯಂತ್ರಗಳ ಲೋಕದಲ್ಲಿಯೂ ಇದೇ ಬಗೆಯ ಸಮಸ್ಯೆಯೊಂದುಂಟು. ಅದರ ಸ್ವರೂಪವನ್ನೂ ಪರಿಹಾರಕ್ರಮವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ವರ್ಚುವಲ್ ಯಂತ್ರವೆಂದರೆ ನಿಜವಾದ ಒಂದು ಸರ್ವರಿನೊಳಗೆ ತಂತ್ರಾಂಶದಿಂದ ನಿರ್ಮಿತವಾದ ಇನ್ನೊಂದು ಗಣಕ. ಐಬಿಎಂ ಸಂಸ್ಥೆಯು 1960ರ ದಶಕದಲ್ಲಿ ಈ ಪದ್ಧತಿಯನ್ನು ರೂಪಿಸಿ, 1972ರಲ್ಲಿ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. 1998ರಲ್ಲಿ ಸ್ಥಾಪಿತವಾದ ವಿಎಂವೇರ್ ಸಂಸ್ಥೆಯು ಸಾಧಾರಣ ಗಣಕಗಳಲ್ಲಿಯೂ ಅದನ್ನು ಬಳಕೆಗೆ ತಂದಿತು. ಇಂತಹ ಯಂತ್ರವು ಕಣ್ಣಿಗೆ ಕಾಣುವುದಿಲ್ಲ. ಕೆಲಸ ಮಾಡುತ್ತಿರುವಾಗಲೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸ್ಥಳಾಂತರ ಹೊಂದಬಲ್ಲುದು. ಆದುದರಿಂದ ಕೋಣೆಯಲ್ಲಿರುವ ಪೆಟ್ಟಿಗೆಗಳನ್ನು ಎಣಿಸಿದ ಮಾತ್ರಕ್ಕೆ ಲೆಕ್ಕವು ಪೂರ್ಣವಾಗದು.

ಈ ಲೆಕ್ಕವನ್ನಿಡುವ ತಂತ್ರಾಂಶಗಳಲ್ಲಿ ನೆಟ್‌ಬಾಕ್ಸ್ ಒಂದು. ಡಿಜಿಟಲ್‌ಓಷನ್ ಸಂಸ್ಥೆಯಲ್ಲಿ ಹುಟ್ಟಿದ ಇದು 2016ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಇದರಲ್ಲಿ ಮೊದಲು ಸರ್ವರುಗಳ ಸಮೂಹವಾದ ಕ್ಲಸ್ಟರನ್ನೂ, ಅನಂತರ ಅದರಲ್ಲಿರುವ ವರ್ಚುವಲ್ ಯಂತ್ರವನ್ನೂ ಬರೆಯುತ್ತಾರೆ. ಯಂತ್ರದ ಸ್ಮೃತಿ, ಡಿಸ್ಕು, ಸ್ಥಿತಿ, ಉದ್ದೇಶಗಳು ಅಲ್ಲಿಯೇ ದಾಖಲಾಗುತ್ತವೆ. ತರುವಾಯ ಯಂತ್ರದ ಪ್ರತಿಯೊಂದು ಇಂಟರ್‌ಫೇಸಿಗೂ ಬೇರೆ ನಮೂದು. ಐಪಿ ವಿಳಾಸವನ್ನು ಯಂತ್ರಕ್ಕಲ್ಲ, ಇಂಟರ್‌ಫೇಸಿಗೆ ಕೊಡಬೇಕು. ಏಕೆಂದರೆ ಒಂದು ಯಂತ್ರಕ್ಕೆ ಎರಡು ಬಾಗಿಲುಗಳೂ ಎರಡು ವಿಳಾಸಗಳೂ ಇರಬಹುದು. ಅವುಗಳಲ್ಲಿ ಒಂದನ್ನು ಪ್ರಧಾನವೆಂದು ಗುರುತಿಸುತ್ತಾರೆ.

ಇಲ್ಲಿ ಹೊಸಬರು ಎಡವುವುದುಂಟು. ವರ್ಚುವಲ್ ಇಂಟರ್‌ಫೇಸಿಗೆ ಕೇಬಲ್ ಜೋಡಿಸಲು ನೆಟ್‌ಬಾಕ್ಸ್ ಒಪ್ಪುವುದಿಲ್ಲ. ಇಲ್ಲದ ತಂತಿಯನ್ನು ಬರೆಯುವುದೆಂತು? ಕೇಬಲ್ಲು ಆಶ್ರಯದಾತ ಸರ್ವರಿನದು. ವರ್ಚುವಲ್ ಇಂಟರ್‌ಫೇಸಿನಲ್ಲಿಯೂ ಸರ್ವರಿನ ನಿಜವಾದ ಇಂಟರ್‌ಫೇಸಿನಲ್ಲಿಯೂ ಒಂದೇ ವಿಲ್ಯಾನ್, ಅರ್ಥಾತ್ ಒಂದೇ ಜಾಲವಿಭಾಗವನ್ನು ನಮೂದಿಸಿದರೆ, ಇವೆರಡೂ ಅದೇ ವಿಭಾಗಕ್ಕೆ ಸೇರಿದವೆಂಬುದು ತಿಳಿಯುವುದು.

ಒಂದು ಕಾಲೇಜಿನಲ್ಲಿ ಹಳೆಯ ಸರ್ವರೊಂದನ್ನು ದುರಸ್ತಿಗೆಂದು ನಿಲ್ಲಿಸಿದರೆನ್ನೋಣ. ಗ್ರಂಥಾಲಯದ ಸೂಚಿಯೂ ಪರೀಕ್ಷೆಯ ಅಂಕಪಟ್ಟಿಯೂ ಅದರೊಳಗಿನ ಎರಡು ವರ್ಚುವಲ್ ಯಂತ್ರಗಳಲ್ಲಿದ್ದವೆಂಬುದು ದಫ್ತರದಲ್ಲಿ ಇಲ್ಲದಿದ್ದರೆ, ವಿದ್ಯಾರ್ಥಿಗಳು ಬಾಗಿಲಲ್ಲಿ ನಿಂತ ಮೇಲೆಯೇ ಅದು ಗೊತ್ತಾಗುವುದು. 2000ದ ಸುಮಾರಿನಲ್ಲಿ ಆರಂಭವಾದ ಭೂಮಿ ಯೋಜನೆಯಿಂದ ನಮ್ಮ ಪಹಣಿಗಳೂ ಗಣಕವನ್ನು ಸೇರಿವೆ. ದಾಖಲೆಯನ್ನು ಕಾಯುವ ಯಂತ್ರಕ್ಕೂ ದಾಖಲೆ ಬೇಕೆಂಬುದು ಇದರಿಂದ ಸ್ಪಷ್ಟ.

ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಬಹುದು. ನೆಟ್‌ಬಾಕ್ಸ್ ಮುಖ್ಯವಾಗಿ ಹೇಳುವುದು ಇರಬೇಕಾದುದನ್ನು, ಇರುವುದನ್ನಲ್ಲ. ಶಾಸನದಲ್ಲಿ ಕಾಲುವೆಯ ಉಲ್ಲೇಖವಿದ್ದರೂ, ನೀರು ಹರಿಯುತ್ತಿದೆಯೇ ಎಂದು ಅರಿಯಲು ಏರಿಯ ಮೇಲೆ ನಡೆದೇ ನೋಡಬೇಕು. ಹಾಗೆಯೇ ದಫ್ತರವನ್ನೂ ಯಂತ್ರಗಳನ್ನೂ ನಿಯತಕಾಲದಲ್ಲಿ ತಾಳೆ ನೋಡಬೇಕು. ಯಂತ್ರವು ಸ್ಥಳಾಂತರ ಹೊಂದಿದ ದಿನವೇ ನಮೂದನ್ನೂ ತಿದ್ದಬೇಕು. ಯಾರು, ಯಾವಾಗ, ಏನನ್ನು ತಿದ್ದಿದರೆಂಬುದನ್ನು ಈ ತಂತ್ರಾಂಶವು ಬರೆದಿಡುತ್ತದೆ. ಮುಂದೆ ಈ ಕಾಲದ ಆಡಳಿತವನ್ನು ಅಭ್ಯಸಿಸುವವರಿಗೆ ಆ ಬರೆಹವೂ ಒಂದು ಆಕರವಾಗಬಹುದು.