ಕಸ ಎತ್ತುವ ಕೈಗೆ ನಮ್ಮ ಮನೆಯಿಂದ ಗಾಯವಾಗದಿರಲಿ

ಗಾಜಿನ ಲೋಟ ಕೈಜಾರಿ ಬಿದ್ದು ಚೂರಾದರೆ ನಾವೆಲ್ಲರೂ ಮಾಡುವುದು ಒಂದೇ ಕೆಲಸ. “ಪುಟ್ಟಾ, ಈ ಕಡೆ ಬರಬೇಡ, ಕಾಲಿಗೆ ಚುಚ್ಚುತ್ತೆ” ಎಂದು ಕೂಗಿ, ಚೂರುಗಳನ್ನು ಗುಡಿಸಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ ಕಸದ ಬುಟ್ಟಿಗೆ ಹಾಕಿಬಿಡುತ್ತೇವೆ. ಸದ್ಯ, ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಸಮಾಧಾನವೂ ಆಗುತ್ತದೆ. ಆದರೆ ಸೋದರಿಯರೇ, ಆ ಚೂರಿನ ಕಥೆ ಅಲ್ಲಿಗೆ ಮುಗಿಯಿತೇ? ಮಾರನೆಯ ಬೆಳಿಗ್ಗೆ ಅದೇ ಕವರನ್ನು ಇನ್ನೊಬ್ಬ ಹೆಣ್ಣುಮಗಳು ಎತ್ತಿಕೊಳ್ಳುತ್ತಾಳೆ. ಒಳಗೆ ಏನಿದೆ ಎಂಬುದು ಆಕೆಗೆ ಹೇಗೆ ಗೊತ್ತಾಗಬೇಕು?

ಮೂಗೂರಿನಂಥ ಊರುಗಳಲ್ಲಿ ಹಿಂದೆ ಈ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ಸಗಣಿ, ಒಲೆಯ ಬೂದಿ, ತರಕಾರಿ ಸಿಪ್ಪೆ, ಎಂಜಲೆಲೆ ಎಲ್ಲವೂ ತಿಪ್ಪೆ ಸೇರಿ, ಕೊಳೆತು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಈಗ ಹಾಲು, ಎಣ್ಣೆ, ಶಾಂಪೂ ಎಲ್ಲವೂ ಕವರಿನಲ್ಲೇ ಬರುತ್ತವೆ. ಮಗುವಿಗೆ ಡೈಪರ್, ಅತ್ತೆಯವರಿಗೆ ಇನ್ಸುಲಿನ್ ಸೂಜಿ, ಬಚ್ಚಲಿಗೆ ಆಸಿಡ್! ಇವಾವುವೂ ತಿಪ್ಪೆಯಲ್ಲಿ ಕೊಳೆಯುವ ವಸ್ತುಗಳಲ್ಲ. ತ್ರಿಪುರಸುಂದರಿ ಅಮ್ಮನವರ ಜಾತ್ರೆಯಾಗಲಿ, 2025ರ ಫೆಬ್ರವರಿಯಲ್ಲಿ ತಿ. ನರಸೀಪುರದ ಸಂಗಮದಲ್ಲಿ ನಡೆದ ಕುಂಭಮೇಳವಾಗಲಿ, ಜನ ಚದುರಿದ ಮೇಲೆ ಉಳಿದದ್ದನ್ನು ಯಾರಾದರೂ ಕೈಯಿಂದಲೇ ಬಾಚಬೇಕು ತಾನೇ?

ಇವರು ಯಾರು?

ಪಟ್ಟಣಗಳಲ್ಲಿ ಇವರನ್ನು ಪೌರಕಾರ್ಮಿಕರು ಎನ್ನುತ್ತೇವೆ. ತಲೆಯ ಮೇಲೆ ಮಲ ಹೊರುವ ಹೀನ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ನಿಷೇಧಿಸಿದವರು, ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿಯು 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಾದರೂ ಇರಬೇಕೆಂದು ಹೇಳಿತು. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನವನ್ನೂ ಆಚರಿಸುತ್ತೇವೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ನಮ್ಮ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆದಾಗ ಎಲ್ಲರೂ ಹೆಮ್ಮೆಪಟ್ಟೆವು. ಆ ಹೆಸರು ಬಂದದ್ದು ಇವರ ಪೊರಕೆಯಿಂದ.

ಹಳ್ಳಿಗಳ ಕಡೆ ಈಗ ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿಗಳು ಬಂದಿವೆ. ಎಷ್ಟೋ ಕಡೆ ಅದನ್ನು ಓಡಿಸುವವರೂ, ಕಸ ವಿಂಗಡಿಸುವವರೂ ಸ್ವಸಹಾಯ ಸಂಘದ ಮಹಿಳೆಯರೇ. ಅಂದರೆ ನಮ್ಮ ನಿಮ್ಮ ಹಾಗೆಯೇ ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ಗೃಹಿಣಿಯರು!

“ಗ್ಲೌಸ್ ಕೊಟ್ಟಿರ್ತಾರಲ್ಲ?”

ಹೀಗೆ ಕೇಳುವವರುಂಟು. ನಿಜ, 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಎತ್ತುವವರಿಗೆ ಸಮವಸ್ತ್ರ, ಕೈಗವಸು, ಮಳೆಕೋಟು, ಪಾದರಕ್ಷೆ, ಮುಖಗವಸು ಕೊಡಬೇಕೆಂದು ಹೇಳಿದವು. ಆದರೆ ಸೂಜಿಗೆ ರಬ್ಬರ್ ಕೈಗವಸು ಯಾವ ಲೆಕ್ಕ? ಇನ್ನೊಂದು ವಿಷಯ ನೋಡಿ. ನಾವು ಕವರಿನ ಬಾಯಿಗೆ ಬಿಗಿಯಾಗಿ ಗಂಟು ಹಾಕಿ ಕೊಡುತ್ತೇವೆ. ಹಸಿ ಕಸ ಬೇರೆ ಮಾಡಲು ಆಕೆ ಅದನ್ನು ಬಿಚ್ಚಲೇಬೇಕು. ದಪ್ಪ ಕೈಗವಸು ಹಾಕಿಕೊಂಡು ಗಂಟು ಬಿಚ್ಚಲು ನೀವೇ ಒಮ್ಮೆ ಪ್ರಯತ್ನಿಸಿ! ಆಗುವುದಿಲ್ಲ. ಕೈಗವಸು ತೆಗೆದಿಡುತ್ತಾಳೆ, ಬರಿಗೈ ಒಳಗೆ ಹೋಗುತ್ತದೆ, ಗಾಜು ಕಾದಿರುತ್ತದೆ.

ಗಾಜಿನ ಗಾಯವೆಂದರೆ ಬರೀ ರಕ್ತವಲ್ಲ, ಧನುರ್ವಾಯುವಿನ ಭಯವಿದೆ. ಇಲಿಯ ಮೂತ್ರ ತಾಗಿದ ಕಸವನ್ನು ಗಾಯದ ಕೈಯಲ್ಲಿ ಮುಟ್ಟಿದರೆ ಇಲಿಜ್ವರ ಬರಬಹುದು. ಬಳಸಿದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ಎಂಬ ಕಾಮಾಲೆ ತಗುಲಬಹುದು. ಅದರ ವೈರಸ್ ದೇಹದ ಹೊರಗೂ 7 ದಿನಗಳವರೆಗೆ ಜೀವ ಹಿಡಿದಿರಬಲ್ಲದು. ರೋಗ ಬಾರದಿದ್ದರೂ, ಬಲಗೈ ಅಂಗೈ ಸೀಳಿದವಳು ಆ ವಾರ ಪೊರಕೆ ಹಿಡಿಯುವುದು ಹೇಗೆ? ಸಾಯಂಕಾಲ ಮಕ್ಕಳಿಗೆ ಮುದ್ದೆ ಕಟ್ಟುವುದು ಹೇಗೆ?

ನಮ್ಮ ಅಡಿಗೆಮನೆಯಲ್ಲಿ ಮಾಡಬೇಕಾದದ್ದು

ಹಸಿ ಕಸ: ಸಿಪ್ಪೆ, ಸೊಪ್ಪಿನ ದಂಟು, ಉಳಿದ ಅನ್ನ, ಕಾಫಿ ಚರಟ, ಇವನ್ನು ಮುಚ್ಚಳವಿರುವ ಬಕೀಟಿನಲ್ಲಿ ಬಿಡಿಯಾಗಿ ಇಡಿ. ಕವರು ಬೇಡ, ಗಂಟು ಬೇಡ. ನೀರು ಬಸಿದು ಹಾಕಿ. ನೀರು ತುಂಬಿದ ಬಕೀಟನ್ನು ಮನೆಮನೆಯಲ್ಲೂ ಎತ್ತಿ ಸುರಿದರೆ ಸೊಂಟ ಉಳಿಯುವುದೇ? ಹಿತ್ತಲಿದ್ದವರು ಅಲ್ಲೇ ಗುಂಡಿ ತೋಡಿ ಗೊಬ್ಬರ ಮಾಡಿಕೊಳ್ಳಿ, ನಿಮ್ಮ ಮಲ್ಲಿಗೆ ಗಿಡಕ್ಕೂ ಆಯಿತು.

ಒಣ ಕಸ: ಹಾಲಿನ ಕವರು, ಎಣ್ಣೆ ಕವರುಗಳನ್ನು ಒಮ್ಮೆ ಜಾಲಿಸಿ ಒಣಗಿಸಿ ಚೀಲಕ್ಕೆ ಹಾಕಿ. ನಾತವಿಲ್ಲದಿದ್ದರೆ ನೊಣವಿಲ್ಲ, ಇಲಿಯಿಲ್ಲ. ಯಾವ ಕಾರಣಕ್ಕೂ ಮನೆಯ ಮುಂದೆ ಬೆಂಕಿ ಹಚ್ಚಬೇಡಿ. ಪ್ಲಾಸ್ಟಿಕ್ಕಿನ ವಿಷದ ಹೊಗೆ ಮೊದಲು ನಿಮ್ಮ ಮಗುವಿನ ಎದೆಗೇ ಇಳಿಯುತ್ತದೆ.

ಗಾಜು, ಬ್ಲೇಡು: ನಾಲ್ಕೈದು ಪದರ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಒಂದು ರಟ್ಟಿನ ಡಬ್ಬಿಯಲ್ಲಿಟ್ಟು, ದಾರ ಕಟ್ಟಿ, ಮೇಲೆ “ಗಾಜು” ಎಂದು ಬರೆಯಿರಿ. ಟ್ಯೂಬ್‌ಲೈಟನ್ನು ಒಡೆಯಬೇಡಿ, ಅದರೊಳಗೆ ಪಾದರಸವಿರುತ್ತದೆ. ಇಡಿಯಾಗಿ ಬೇರೆ ಕೊಡಿ.

ಸೂಜಿ: ಫಿನಾಯಿಲಿನ ಡಬ್ಬದಂಥ ಗಟ್ಟಿ ಪ್ಲಾಸ್ಟಿಕ್ ಡಬ್ಬವನ್ನು ತೊಳೆದು ಒಣಗಿಸಿ, ಬಳಸಿದ ಸೂಜಿಯನ್ನು ಆಗಿಂದಾಗ್ಗೆ ಅದಕ್ಕೇ ಹಾಕಿ. ನೀರಿನ ತೆಳು ಬಾಟಲಿ ಸಾಲದು. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು “ಸೂಜಿ” ಎಂದು ಬರೆದು, ಅದನ್ನು ಎಲ್ಲಿ ಕೊಡಬೇಕೆಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಿ. ಡಬ್ಬವನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಪ್ಯಾಡು, ಡೈಪರು: ಇದನ್ನು ಹೇಳಲು ನಾಚಿಕೆ ಬೇಡ. ಒಣ ಕಸದಲ್ಲಿ ಇದನ್ನೂ ಸೇರಿಸಿದರೆ ವಿಂಗಡಿಸುವ ಹೆಣ್ಣು ಮಗಳು ಅದನ್ನು ಕೈಯಲ್ಲಿ ಮುಟ್ಟಬೇಕಾಗುತ್ತದೆ. ಪುಣೆಯಲ್ಲಿ ಕಸ ಆಯುವ ಮಹಿಳೆಯರು ಸಹಕಾರ ಸಂಘ ಕಟ್ಟಿಕೊಂಡು ಮನೆಯವರಿಗೆ ಒಂದು ಸುಲಭ ಉಪಾಯ ಹೇಳಿಕೊಟ್ಟರು: ಪತ್ರಿಕೆಯಲ್ಲಿ ಸುತ್ತಿ, ಮೇಲೆ ಒಂದು ಕೆಂಪು ಬೊಟ್ಟು ಇಡಿ. ನೋಡಿದೊಡನೆ ತಿಳಿಯುತ್ತದೆ, ಬಿಚ್ಚಬೇಕಾಗಿಲ್ಲ.

ಆಸಿಡ್, ಬ್ಲೀಚಿಂಗ್ ಪುಡಿ, ಬ್ಯಾಟರಿ: ಆಸಿಡ್ಡೂ ಬ್ಲೀಚಿಂಗ್ ಪುಡಿಯೂ ಕಲೆತರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಗಾಡಿಯಲ್ಲಿ ಒತ್ತಿದಾಗ ಬಾಟಲಿ ಒಡೆದರೆ ಪಕ್ಕದಲ್ಲಿ ನಿಂತವರ ಗತಿ ಏನು? ಅರ್ಧ ಉಳಿದ ಆಸಿಡ್ ಬಾಟಲಿಯನ್ನು ಕಸಕ್ಕೆ ಹಾಕಲೇಬೇಡಿ. ಮೊಬೈಲ್ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಇವೆಲ್ಲವನ್ನೂ ಬೇರೆ ಇಟ್ಟು, ಗಾಡಿಯವರಿಗೆ ಬಾಯಿಬಿಟ್ಟು ಹೇಳಿಯೇ ಕೊಡಿ.

ಗಾಡಿ ಬಂದಾಗ

ಮಹಡಿಯಿಂದ ಕವರು ಎಸೆಯುವುದು, ಚಲಿಸುವ ಗಾಡಿಯೊಳಕ್ಕೆ ತೂರುವುದು ಬೇಡ. ಕಸ ಹಾಕಿ ಬಾ ಎಂದು ಪುಟ್ಟ ಮಕ್ಕಳನ್ನು ಕಳಿಸಬೇಡಿ. ಗಾಡಿ ಹಿಂದಕ್ಕೆ ಬರುವಾಗ ಚಾಲಕರಿಗೆ ಅವರು ಕಾಣುವುದಿಲ್ಲ. “ಅಕ್ಕಾ, ಇದರಲ್ಲಿ ಗಾಜು ಇದೆ, ನೋಡ್ಕೊಳ್ಳಿ” ಎಂಬ ಒಂದು ಮಾತು ಸಾಕು. ಬೇಸಿಗೆಯಲ್ಲಿ ಒಂದು ಲೋಟ ನೀರನ್ನೋ ಮಜ್ಜಿಗೆಯನ್ನೋ ಕೊಡಿ, ನೀವು ಕುಡಿಯುವ ಲೋಟದಲ್ಲೇ.

ಅಕಸ್ಮಾತ್ ಆಕೆಗೆ ಸೂಜಿ ಚುಚ್ಚಿದರೆ? ಗಾಯ ಹಿಂಡಬಾರದು, ಬಾಯಿಂದ ಹೀರಬಾರದು. ಸುರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು. ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಎನ್ನಬಾರದು. ಏಕೆಂದರೆ ಇಂಥ ಗಾಯಕ್ಕೆ ಕೊಡುವ ಎಚ್‌ಐವಿ ತಡೆಯ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿದರೆ ಮಾತ್ರ ಪ್ರಯೋಜನ. ಎಷ್ಟು ಬೇಗನೋ ಅಷ್ಟು ಒಳ್ಳೆಯದು.

ಮನೆಯ ಕೆಲಸ ನಾವು ಮಾಡಿದ ಮಾತ್ರಕ್ಕೆ ಪಂಚಾಯಿತಿ, ಪುರಸಭೆಯವರ ಹೊಣೆ ಕಳೆಯುವುದಿಲ್ಲ. ಗ್ರಾಮಸಭೆಗೆ ಹೋದಾಗ ಚರಂಡಿ, ಬೀದಿದೀಪದ ಜೊತೆಗೆ ಇದನ್ನೂ ಕೇಳಿ: ಕಸ ಎತ್ತುವವರಿಗೆ ಗಟ್ಟಿ ಕೈಗವಸು, ಬೂಟು ಕೊಟ್ಟಿದ್ದೀರಾ? ಹರಿದರೆ ಬೇರೆ ಕೊಡುತ್ತೀರಾ? ಕೆಲಸದ ಜಾಗದಲ್ಲಿ ಸೋಪು, ನೀರು, ಶೌಚಾಲಯ ಇದೆಯೇ? ಧನುರ್ವಾಯು, ಹೆಪಟೈಟಿಸ್ ಬಿ ಚುಚ್ಚುಮದ್ದು ಹಾಕಿಸಿದ್ದೀರಾ? ಒಬ್ಬರೇ ಕೇಳಲು ಸಂಕೋಚವಾದರೆ ಸಂಘದ ನಾಲ್ಕು ಜನ ಸೇರಿ ಕೇಳಿ. ಕೆಲಸ ಕಳೆದುಕೊಳ್ಳುವ ಭಯದಿಂದ ಆಕೆ ಕೇಳದೆ ಇರಬಹುದು. ನಮಗೆ ಆ ಭಯವಿಲ್ಲ.