ಮೊದಲ ವಾಕ್ಯ ಬಂದ್ರೆ ಸಾಕು

ಕೊಟ್ಟೂರಿನಲ್ಲಿ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಈರುಳ್ಳಿ ರೇಟು, ರಾಜಕೀಯ ಎಲ್ಲದರ ಮೇಲೂ ಗಂಟೆಗಟ್ಟಲೆ ವಾದ ಮಾಡುವ ಹುಡುಗ, ಬೆಂಗಳೂರಿನ ಕಂಪನಿಯ ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯಿ ಬಿಡಲ್ಲ. ವಿಷಯ ಗೊತ್ತಿಲ್ಲ ಅಂತಲ್ಲ, ಇಂಗ್ಲಿಷ್‌ನ ಮೊದಲ ವಾಕ್ಯ ಬರಲ್ಲ. ಹತ್ತು-ಹದಿನೈದು ನಿಮಿಷದಲ್ಲಿ ಕೆಲಸ ಕೈತಪ್ಪುತ್ತೆ. ನಾನೂ ಇಂಜಿನಿಯರಿಂಗ್ ಓದಿದವನು, ಈ ಮೌನ ಎಷ್ಟು ದುಬಾರಿ ಅಂತ ಕಣ್ಣಾರೆ ನೋಡಿದೀನಿ.

ಆ ವಾಕ್ಯಗಳು ನಮ್ಮ ಕಟ್ಟೆ ಮೇಲೇ ಇವೆ. ‘ನೀ ಹೇಳೋದು ಖರೇ, ಆದ್ರ...’ ಅಂತೀವಲ್ಲ, ಅದೇ ‘ಯು ಹ್ಯಾವ್ ಎ ಪಾಯಿಂಟ್, ಬಟ್...’. ‘ನನಗ ಹಿಂಗ ಅನಸ್ತೈತಿ’ ಅಂದ್ರೆ ‘ಐ ಫೀಲ್’, ಇಲ್ಲವೇ ‘ಇನ್ ಮೈ ಒಪಿನಿಯನ್’. ನಮ್ಮವರು ಎಲ್ಲದಕ್ಕೂ ‘ಅಕಾರ್ಡಿಂಗ್ ಟು ಮಿ’ ಅಂತಾರೆ, ಅದು ಬೇಡ. ‘ಅಕಾರ್ಡಿಂಗ್ ಟು’ ಬರೋದು ಬೇರೆಯವರ ಮಾತನ್ನೋ ವರದಿಯನ್ನೋ ಹೇಳುವಾಗ. ‘ಐ ಆಮ್ ಅಗ್ರೀ’ ಕೂಡ ತಪ್ಪು, ‘ಐ ಅಗ್ರೀ’ ಸಾಕು.

ಕಷ್ಟ ಇರೋದು ಒಪ್ಪದಿದ್ದಾಗ. ‘ಯು ಆರ್ ರಾಂಗ್’ ಅಂದ್ರೆ ಜಗಳ. ‘ಐ ಸೀ ಇಟ್ ಡಿಫರೆಂಟ್ಲಿ’ ಅನ್ನಿ, ಹಿಂದೆಯೇ ಕಾರಣ ಕೊಡಿ. ಕಾರಣ ಇಲ್ಲದ ಚೆಂದದ ಇಂಗ್ಲಿಷ್‌ಗೆ ಮಾರ್ಕ್ಸ್ ಇಲ್ಲ. ಮಧ್ಯೆ ಮಾತು ಸೇರಿಸಬೇಕಾ? ‘ಮೇ ಐ ಆಡ್ ಸಮ್‌ಥಿಂಗ್?’ ನಮ್ಮ ಸ್ಟುಡಿಯೋ ನೋಡಿ ಮಾತ್ರ ಕಲಿಯಬೇಡಿ! ಇಲ್ಲಿ ನಾಲ್ಕು ಜನ ಒಟ್ಟಿಗೆ ಕೂಗಿದ್ರೆ ಟಿಆರ್‌ಪಿ, ಅಲ್ಲಿ ಕೂಗಿದವನೇ ಮೊದಲು ಔಟ್. ಸುಮ್ಮನೆ ಕೂತ ಪಕ್ಕದವನಿಗೆ ‘ವಾಟ್ ಡು ಯು ಥಿಂಕ್?’ ಅಂತ ಕೇಳಿದವನ ಹೆಸರನ್ನು ಆಯ್ಕೆ ಮಾಡುವವರು ಗುರುತು ಹಾಕ್ಕೊಳ್ತಾರೆ.